ಅಡ್ಡ ಪಿನ್ನು

ಹಿಂದೂಪುರ
14 ಫೆಬ್ರವರಿ 1988, ಭಾನುವಾರ

ಪ್ರೀತಿಯ ಚೆನ್ನಕೇಶವಾ,

ಹೇಗಿದ್ದೀಯೋ? ಭಿಲಾಯಿಯ ಉಕ್ಕಿನ ಜೊತೆ ನೀನೂ ಉಕ್ಕುತ್ತಿದ್ದೀಯೋ, ಇಲ್ಲ ಕ್ಯಾಂಟೀನಿನ ರೊಟ್ಟಿ ತಿಂದು ತಂತಿಯಾಗಿದ್ದೀಯೋ? ಹೊಟ್ಟೆಯುರಿ ಹೇಗಿದೆ? ಗ್ಯಾಸ್ಟ್ರಿಕ್ಕಿನದು ಕೇಳಿದೆ ಮಾರಾಯ, ಇನ್ನೊಂದು ಬಗೆಯದು ನಿನಗಿಲ್ಲ ಅಂತ ಗೊತ್ತು. ಜೀರಿಗೆ ಕುದಿಸಿದ ನೀರು ಕುಡಿ, ರಾತ್ರಿ ಪಾಳಿಯಲ್ಲಿ ಬರಿ ಟೀ ಕುಡಿದು ಮಲಗಬೇಡ. ಇಲ್ಲಿ ನಾವು ಕ್ಷೇಮ. ನಿಮ್ಮ ಭಾವ ಬೆಳಿಗ್ಗೆ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋದರೆ ತಮ್ಮ ಗೂಡಿಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ನಾನು ಟ್ಯುಟೋರಿಯಲ್ ಕಾಲೇಜಿನಲ್ಲಿ ಫೇಲಾದವರಿಗೆ ಇತಿಹಾಸ ಹೇಳುತ್ತ ಹೇಳುತ್ತ ನಾನೇ ಇತಿಹಾಸವಾಗುತ್ತಿದ್ದೇನೆ. ಪೀಠಿಕೆ ಇಷ್ಟು ಸಾಕು. ಇನ್ನು ಪೀಠಕ್ಕೆ ಬರೋಣ.

ಹೌದು ಕಣೋ, ಅದೇ ಪೀಠ. ಅಪ್ಪನ ಏರಿಳಿಯುವ ಕಕ್ಕಸಿನ ಪೀಠ. ಮುಖ ಸಿಂಡರಿಸಿ ಕಾಗದ ಮಡಿಸಬೇಡ, ಕೊನೆಯವರೆಗೂ ಓದು. ಹಿಂದಿನ ಕಾಗದದಲ್ಲಿ ನೀನು ಬರೆದಿದ್ದೆಯಲ್ಲ, "ಅಮ್ಮ ಸತ್ತ ವರ್ಷವೇ ಅಮ್ಮ ಕೂರುತ್ತಿದ್ದ ಕಕ್ಕಸಿನ ಕುರ್ಚಿಗೆ ಪೇಟೆಂಟು ಕೊಡಿ ಅಂತ ಸರ್ಕಾರಕ್ಕೆ ಬರೆದು ಹೆಸರು ಮಾಡಲು ಹೊರಟ ಮನುಷ್ಯನಿಗೆ ನಾನು ಕಾಗದ ಬರೆಯುವುದಿಲ್ಲ" ಅಂತ. ಆ ಸಾಲನ್ನು ನಾನು ಅಪ್ಪನಿಗೆ ಓದಿ ಹೇಳಲಿಲ್ಲ. "ಚೆನ್ನ ನಿನ್ನನ್ನು ಕೇಳಿದಾನೆ" ಎಂದೆ. ಅಪ್ಪ "ಏನಂತ ಕೇಳವ್ನೆ?" ಎಂದು ಕತ್ತು ಉದ್ದ ಮಾಡಿದ. "ಆರೋಗ್ಯ ಕೇಳಿದಾನೆ" ಎಂದೆ. ಅವತ್ತಿಡೀ ಸೈಕಲ್ ಅಂಗಡಿಯ ಗಿರಾಕಿಗಳ ಮುಂದೆ ಅದೇ ಮಾತು, ಮಗ ಆರೋಗ್ಯ ಕೇಳವ್ನೆ, ಮಗ ಆರೋಗ್ಯ ಕೇಳವ್ನೆ. ನೀನು ಕೇಳದ ಆರೋಗ್ಯದ ಮೇಲೆ ಆ ಮನುಷ್ಯ ಒಂದು ತಿಂಗಳು ಆರೋಗ್ಯವಾಗಿದ್ದ.

ಆ ಕುರ್ಚಿ ಹುಟ್ಟಿದಾಗ ನೀನು ಊರಲ್ಲಿರಲಿಲ್ಲ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ಅಮ್ಮನ ಮಂಡಿ ಹಿಡಿದುಕೊಂಡು ಕೆಳಗೆ ಕೂತರೆ ಏಳಲಾಗದೆ, ಎದ್ದರೆ ಕೂರಲಾಗದೆ ಅಳುತ್ತಿದ್ದ ಕಾಲ. ಅಂಗಡಿಯಲ್ಲಿ ಯಾರಿಗೋ ಸೈಕಲ್ ಸೀಟು ಎತ್ತರಿಸುತ್ತಿದ್ದ ಅಪ್ಪ ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಮನೆಗೆ ಓಡಿ ಬಂದನಂತೆ. ಕುದುರೆ ಲಾಳದ ಆಕಾರದ ಕಬ್ಬಿಣದ ಸೀಟು, ಅದಕ್ಕೆ ನಾಲ್ಕು ಕಾಲು. ಒಂದೊಂದು ಕಾಲೂ ಪೈಪಿನೊಳಗೆ ಪೈಪು. ಒಳಗಿನ ಪೈಪಿನಲ್ಲಿ ಸಾಲಾಗಿ ತೂತು. ಬೇಕಾದ ಎತ್ತರಕ್ಕೆ ಎತ್ತಿ ಆ ತೂತಿಗೆ ಪೆಡಲಿನ ಕಾಟರ್ ಪಿನ್ನು ತೂರಿಸಿದರೆ ಆಯಿತು, ಕಕ್ಕಸಿನ ಮೇಲೆ ಸಿಂಹಾಸನ. ಮಂಡಿ ನೋವಿನ ದಿನ ಎತ್ತರ, ಇಲ್ಲದ ದಿನ ತಗ್ಗು. ಹಸಿರು ಬಣ್ಣ ಬಳಿದು, ನಿಂಬೆಹಣ್ಣು ಕೊಯ್ದು, ಕುಂಕುಮ ಇಟ್ಟು ಅಮ್ಮನನ್ನು ಕೂರಿಸಿದ. ಅಮ್ಮ "ನಂಗೆ ನಾಚ್ಕೆ ಆಯ್ತದೆ, ಎಲ್ರೂ ಆಚೆ ಹೋಗ್ರಿ" ಎಂದಳಂತೆ. ಬಹಿರ್ದೆಸೆಯಿಂದಲೇ ನಮ್ಮ ದೆಸೆ ತಿರುಗೀತು ಎಂದು ನಾನು ತಮಾಷೆ ಮಾಡಿದ್ದೆ. ಅಮ್ಮನ ಮಂಡಿಯ ದೆಸೆಯಂತೂ ತಿರುಗಿತು. ಅಂಥದೇ ಇನ್ನೊಂದನ್ನು ಅಪ್ಪ ರೊದ್ದಂನಲ್ಲಿರುವ ಅಮ್ಮನ ಅಕ್ಕ ನರಸಕ್ಕ ದೊಡ್ಡಮ್ಮನಿಗೂ ಮಾಡಿ ಕಳಿಸಿದ.

ಅಪ್ಪನ ಕೆಲಸದ ಗರ್ವ ನಿನಗೆ ಗೊತ್ತು. ಹಾಲಿನ ಗಂಗುಲಪ್ಪ ನೆನಪಿದ್ದಾನಾ? ಅಪ್ಪ ಬೆಸೆದು ಕೊಟ್ಟ ಕ್ಯಾರಿಯರಿಗೆ ಯಾವುದಕ್ಕೂ ಇರಲಿ ಎಂದು ಒಂದು ತುಂಡು ಹಗ್ಗ ಸುತ್ತಿಕೊಂಡು ಬಂದಿದ್ದಕ್ಕೆ ಅಪ್ಪ ನಡುರಸ್ತೆಯಲ್ಲಿ ಸೈಕಲ್ ಹಿಡಿದು ನಿಲ್ಲಿಸಿದ್ದ. "ನಾನು ಮಾಡಿದ್ದಕ್ಕೆ ಹಗ್ಗ ಕಟ್ತೀಯೇನ್ಲಾ? ನನ್ನ ಮಖದ ಮ್ಯಾಲೆ ಉಗುದಂಗೆ ಅಲ್ವೇನ್ಲಾ ಇದು?" ಗಂಗುಲಪ್ಪ ಹಗ್ಗ ಬಿಚ್ಚುವವರೆಗೂ ಬಿಡಲಿಲ್ಲ, ಹಾಲು ಒಡೆಯುವ ಹೊತ್ತಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಆಮೇಲೆ ಅಪ್ಪ ಅನ್ನಕ್ಕೆ ಕೂತಾಗ ಮುಖ ಬಾಡಿತ್ತು, ಸರಿಯಾಗಿ ಉಣ್ಣಲಿಲ್ಲ. ಒಂದು ತುಂಡು ಹಗ್ಗಕ್ಕೆ ಇಷ್ಟು ಸಂಕಟ ಪಡುವ ಮನುಷ್ಯ.

ಕುರ್ಚಿ ಮಾಡಿದ ವರ್ಷವೇ ಕಾರ್ತಿಕದಲ್ಲಿ ಅಮ್ಮ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಅನಂತಪುರದ ಆಸ್ಪತ್ರೆಯಲ್ಲಿ ನೋಡಲು ಬಂದವರಿಗೆಲ್ಲ ಅಮ್ಮ ಹೇಳುತ್ತಿದ್ದುದು ಒಂದೇ ಮಾತು, "ತಲೆಸುತ್ತು ಬಂದ್ಬುಡ್ತು ಕಣಮ್ಮ, ಕಣ್ಣು ಕತ್ಲೆ ಆಗ್ಬುಡ್ತು." ನೀನು ಬರುವ ಹೊತ್ತಿಗೆ ಮಾತು ನಿಂತಿತ್ತು. ಉಳಿದದ್ದು ನಿನಗೆ ಗೊತ್ತಿದೆ, ಬರೆಯಲಾರೆ.

ಆಮೇಲೆ ಅಪ್ಪ ಮಾಡಿದ ಕುರ್ಚಿಗಳಿಗೆಲ್ಲ ಒಂದು ಹೊಸ ಸಾಮಾನು ಸೇರಿತು. ಕಾಟರ್ ಪಿನ್ನಿನ ತುದಿಗೆ ತೂತು ಕೊರೆದು ಅದರೊಳಗೆ ಇನ್ನೊಂದು ಸಣ್ಣ ಅಡ್ಡ ಪಿನ್ನು. ಅದನ್ನು ಕೀಳದೆ ದೊಡ್ಡದು ಹೊರಗೆ ಬರುವ ಹಾಗಿಲ್ಲ. ನಾನು ಅಲಂಕಾರ ಎಂದುಕೊಂಡೆ. ಪೇಟೆಂಟು ಬೇಕು ಎಂದು ಅಪ್ಪ ಹಟ ಹಿಡಿದಾಗಲೂ ನಿನ್ನ ಹಾಗೆಯೇ, ಈ ವಯಸ್ಸಿಗೆ ಪೀಠಾಧಿಪತಿ ಆಗುವ ಹುಚ್ಚು ಎಂದುಕೊಂಡೆ. ಇಲ್ಲಿನ ವಕೀಲ ಶ್ರೀರಾಮುಲುಗಾರು ಜೀವಮಾನದಲ್ಲಿ ಹೊಲದ ಗಟ್ಟಿನ, ಅಂದರೆ ಬದುವಿನ, ಕೇಸು ಬಿಟ್ಟು ಬೇರೆ ಕಂಡವರಲ್ಲ. "ಇದೀ ಗಟ್ಟು ಕೇಸೇನಮ್ಮಾ, ಮನ ಬುರ್ರ ಎಕ್ಕಡಿದಾಕ ಮನದೋ ಚೆಪ್ಪಾಲಿ" ಎಂದರು. ನಮ್ಮ ತಲೆ ಎಲ್ಲಿಯವರೆಗೆ ನಮ್ಮದು ಎಂದು ತೋರಿಸುವ ಗಡಿ ವ್ಯಾಜ್ಯವಂತೆ! ಅಂತೂ ಅವರೇ ಇಂಗ್ಲಿಷಿನಲ್ಲಿ ಬರೆದು ಮದ್ರಾಸಿನ ಪೇಟೆಂಟ್ ಆಫೀಸಿಗೆ ಕಳಿಸಿದರು.

ಹೋದ ವಾರ ಮದ್ರಾಸಿನಿಂದ ಪರೀಕ್ಷೆಯ ಫಲಿತಾಂಶ ಬಂತು. ಪರೀಕ್ಷಕರ ಆಕ್ಷೇಪಣೆ ಎರಡು. ಏರಿಳಿಯುವ ಆಸನ ಹೊಸದೇನಲ್ಲ, ಸೈಕಲ್ಲಿಗೂ ಕ್ಷೌರದಂಗಡಿಗೂ ಮೊದಲಿನಿಂದ ಇದೆ ಎನ್ನುವುದು ಒಂದು. ಭಾರ ಹೊರಲು ಒಂದು ಪಿನ್ನು ಸಾಕಾಗಿರುವಾಗ ಎರಡನೆಯದರ ಅಗತ್ಯವೇನು, ಸಕಾರಣ ವಿವರಿಸಿ, ಇಲ್ಲವೇ ಅದನ್ನು ಕೈಬಿಡಿ ಎನ್ನುವುದು ಇನ್ನೊಂದು. ಉತ್ತರಕ್ಕೆ ಈ ತಿಂಗಳ ಕೊನೆ ಗಡುವು. ಶ್ರೀರಾಮುಲುಗಾರ ಸಲಹೆ ಸುಲಭವಾಗಿತ್ತು: ಅಡ್ಡ ಪಿನ್ನು ತೆಗೆದುಹಾಕಿ, ಉಳಿದದ್ದಕ್ಕೆ ತಾವು ಏನಾದರೂ ಬರೆಯುತ್ತಾರೆ, ಕೆಲಸ ಆಗಬಹುದು.

ಮೊನ್ನೆ ಶುಕ್ರವಾರ ಆ ಕಾಗದ ಹಿಡಿದು ಕಲ್ಯಾಣದುರ್ಗಕ್ಕೆ ಹೋದೆ. ಅಪ್ಪ ಅಂಗಡಿ ಮುಂದೆ ಚಕ್ರದ ಸೊಟ್ಟ ತೆಗೆಯುತ್ತಿದ್ದ. ಮೊದಲನೆಯ ಆಕ್ಷೇಪಣೆ ಹೇಳಿದ್ದಕ್ಕೆ ಗಹಗಹಿಸಿ ನಕ್ಕ. "ಆ ಸಾಮಿ ಸೈಕಲ್ ಸೀಟ್ ಮ್ಯಾಲೆ ಕುಂತ್ಕಂಡು ಕೆರೆ ಕಡೀಕೆ ಹೋಗಿ ಬರ್ಲಿ ನೋಡಾನ!" ಅಮ್ಮ ಹೋದ ಮೇಲೆ ಅಪ್ಪ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. ಆ ಸಂತೋಷದಲ್ಲಿ ಎರಡನೆಯದನ್ನೂ ಹೇಳಿಬಿಟ್ಟೆ. ಚಕ್ರ ತಿರುಗುತ್ತಲೇ ಇತ್ತು, ಕಡ್ಡಿ ಬಿಗಿಯುವ ಕೈ ನಿಂತಿತು. "ಅಡ್ಡ ಪಿನ್ನು ತೆಗ್ದಾಕು ಅಂತಾನಾ?" "ಹೌದಪ್ಪ, ತೆಗೆದರೆ ಪೇಟೆಂಟು ಬರಬಹುದಂತೆ." "ಬ್ಯಾಡ ಬುಡು. ತೆಗ್ದ್ರೆ ನಂಗ್ಯಾಕೆ ಅದು?" ಹಾಗಾದರೆ ಯಾಕೆ ಬೇಕು ಅಂತ ಕಾರಣವಾದರೂ ಹೇಳು, ಬರೆಯಬೇಕಲ್ಲ ಎಂದೆ. ಮೇಷ್ಟ್ರ ಗತ್ತಿನಲ್ಲಿ ಕೇಳಿದೆನೋ ಏನೋ. ಅಪ್ಪ ಒಳಗೆ ಹೋಗಿ ದೇವರ ಪಟದ ಹಿಂದಿನಿಂದ ಒಂದು ಕಾಟರ್ ಪಿನ್ನು ತಂದು ನನ್ನ ಕೈಗಿಟ್ಟ. ಎಣ್ಣೆ ಹಚ್ಚಿ ಇಟ್ಟಿದ್ದ, ಒಂದು ಚೂರು ತುಕ್ಕಿರಲಿಲ್ಲ.

"ನಿಮ್ಮಮ್ಮಂಗೆ ತಲೆಸುತ್ತು ಬಂದಿರ್ಲಿಲ್ಲ ಕಣಮ್ಮ. ಪಿನ್ನು ಈಚೆ ಬಂದಿತ್ತು. ಹಿಂದ್ಗಡೆ ಕಾಲು ಕುಸುದೋಗಿತ್ತು. ಅವ್ಳನ್ನ ಎತ್ತಾಕೆ ಹೋದಾಗ ಕಾಲಡೀಗೆ ಸಿಕ್ತು, ಜೋಬಿಗಾಕ್ಕಂಡೆ. ಅವ್ಳು ತಲೆಸುತ್ತು ಅಂದ್ಲು, ನಾನೂ ಹೂಂ ಅಂದೆ." ಇಷ್ಟು ಹೇಳಿ ಮತ್ತೆ ಚಕ್ರದ ಮುಂದೆ ಕೂತ. ಕಡ್ಡಿ ಬಿಗಿಯುತ್ತ, ನನ್ನ ಕಡೆ ನೋಡದೆ, "ನನ್ನ ಕೆಲ್ಸ ಕೈ ಕೊಡ್ತು ಅಂತ ಅವ್ಳಿಗೆ ಗೊತ್ತಾಗ್ದಂಗೆ ಹೋದ್ಲಲ್ಲ, ಅಷ್ಟು ಸಾಕು ನಂಗೆ" ಎಂದ. ಆ ಪೇಟೆಂಟು ಯಾಕೆ ಬೇಕಾಗಿತ್ತು ಗೊತ್ತಾ ಚೆನ್ನ? ಅನಂತಪುರದಲ್ಲಿ ಯಾರೋ ಅಪ್ಪನ ಕುರ್ಚಿ ನೋಡಿ, ಅಂಥದನ್ನೇ ಒಂಟಿ ಪಿನ್ನು ಹಾಕಿ ಮಾಡಿ ಮಾರುತ್ತಿದ್ದಾರಂತೆ. "ಪೇಟೆಂಟಿದ್ರೆ ಹಂಗೆ ಮಾಡ್ಬ್ಯಾಡ್ರಲಾ ಅಂತ ಹೇಳ್ಬೋದಲ್ಲಮ್ಮ." ಅಡ್ಡ ಪಿನ್ನಿಗೆ ಪೇಟೆಂಟು ಸಿಕ್ಕರೂ ಒಂಟಿ ಪಿನ್ನಿನವನನ್ನು ಅದು ತಡೆಯುವುದಿಲ್ಲ. ನಾನು ಹೇಳಲಿಲ್ಲ.

ಅಪ್ಪ ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡು ಬಂದೆ: ಒಂದೇ ಪಿನ್ನಿದ್ದ ಮೊದಲ ಕುರ್ಚಿಯಿಂದ ಬಿದ್ದು ನನ್ನ ಹೆಂಡತಿ ಶಿವಲಕ್ಷ್ಮಮ್ಮ ತೀರಿಕೊಂಡಳು, ಆದ್ದರಿಂದ ಎರಡನೆಯದು ಬೇಕು. ನಿನ್ನೆ ಓದಿದ ಶ್ರೀರಾಮುಲುಗಾರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅರ್ಜಿಗೆ ಮೊದಲೇ ಕುರ್ಚಿ ಬಳಕೆಯಲ್ಲಿತ್ತು ಎಂದು ನಾವೇ ಒಪ್ಪಿಕೊಂಡ ಹಾಗಾಗುತ್ತದೆ, ಅದೊಂದೇ ಸಾಲು ಸಾಕು ಅರ್ಜಿ ಬಿದ್ದುಹೋಗಲು ಎಂದರು. ಅಪ್ಪನಿಗೆ ಇದನ್ನು ಹೇಳಿಯೇ ಬಂದಿದ್ದೆ, ನನಗೂ ಅಷ್ಟು ಅನುಮಾನವಿತ್ತು. "ಬಿದ್ರೆ ಬೀಳ್ಲಿ. ಅವ್ನು ಯಾಕೆ ಅಂತ ಕೇಳವ್ನೆ. ಇದುವರ್ಗೂ ಯಾರೂ ಕೇಳಿರ್ಲಿಲ್ಲ" ಎಂದಿದ್ದ. ನಾವಿಬ್ಬರು ಓದಿದ ಮಕ್ಕಳು ಕೇಳದ್ದನ್ನು ಮದ್ರಾಸಿನ ಮೇಜಿನ ಹಿಂದೆ ಕೂತ ಯಾರೋ ಒಬ್ಬರು ಕೇಳಿದರು. ಉತ್ತರ ಟೈಪಾಗಿದೆ, ನಾಳೆ ರಿಜಿಸ್ಟರ್ ಪೋಸ್ಟಿನಲ್ಲಿ ಹೋಗುತ್ತದೆ.

ಇನ್ನೊಂದು ಕೆಲಸ ಬಾಕಿ. ರೊದ್ದಂನಲ್ಲಿರುವ ಕುರ್ಚಿ ಇನ್ನೂ ಒಂಟಿ ಪಿನ್ನಿನದು. ಬಣ್ಣ ಬಳಿದು ಕೊಡ್ತೀನಿ ಎಂಬ ನೆಪ ಹೇಳಿ ಅಪ್ಪ ಒಮ್ಮೆ ತರಲು ಹೋಗಿದ್ದನಂತೆ. ನರಸಕ್ಕ ದೊಡ್ಡಮ್ಮ ಹಿತ್ತಿಲಿಗೇ ಬಿಡಲಿಲ್ಲವಂತೆ. "ತಂಗಿ ನೆಪ್ಪು ಅಂತ ಇಟ್ಕಂಡವ್ಳೆ, ಪಾಪ, ಜುಲುಮೆ ಮಾಡಾಕಾಯ್ತದಾ" ಎಂದ ಅಪ್ಪ. ನಿಜದ ಕಾರಣ ಹೇಳಿ ಕೇಳುವ ಬಾಯಿ ಅವನಿಗೆ ಎಲ್ಲಿತ್ತು? ನಾಳೆ ನಾನೇ ಹೋಗಿ ತರುತ್ತೇನೆ. ಬಂದ ಮೇಲೆ ಈ ಕಾಗದ ಅಂಚೆಗೆ ಹಾಕುತ್ತೇನೆ.

ನೀನು ಅಪ್ಪನಿಗೆ ಒಂದು ಸಾಲು ಬರೆ. ಕ್ಷಮೆ ಗಿಮೆ ಏನೂ ಬೇಡ, ಆರೋಗ್ಯ ಕೇಳು ಸಾಕು. ಈ ಸಲ ನಿಜವಾಗಿಯೂ ನೀನೇ ಕೇಳು. ಮೈ ಕೈ ಜೋಪಾನ. ಅಮ್ಮ ಇದ್ದಿದ್ದರೆ ನಿನ್ನ ನೆತ್ತಿಗೆ ಎಣ್ಣೆ ಒತ್ತಿ ಏನು ಹರಸುತ್ತಿದ್ದಳೋ ಅದೆಲ್ಲ ನನ್ನ ಕೈಯಿಂದಲೂ ನಿನಗೆ ಇರಲಿ.

ನಿನ್ನ ಅಕ್ಕ,
ವರಲಕ್ಷ್ಮಿ

ಮರೆತ ಮಾತು: ಸೋಮವಾರ, ರೊದ್ದಂ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ. ಕುರ್ಚಿ ಸಿಕ್ಕಿತು. ದೊಡ್ಡಮ್ಮ ಮೊದಲು ನನ್ನನ್ನೂ ಹಿತ್ತಿಲಿಗೆ ಬಿಡಲಿಲ್ಲ. ಅಪ್ಪ ಬಂದಿಲ್ಲ ತಾನೇ ಎಂದು ಬೀದಿಗೆ ಹೋಗಿ ನೋಡಿ ಬಂದು ಆಮೇಲೆ ಬಾಗಿಲು ತೆಗೆದಳು. ನಾಲ್ಕೂ ಕಾಲಿಗೆ, ಪಿನ್ನು ಹೊರಬರದ ಹಾಗೆ, ಹಗ್ಗ ಸುತ್ತಿತ್ತು ಚೆನ್ನ. "ನಿಮ್ಮಮ್ಮನೇ ಬಂದು ಕಟ್ಟಿದ್ದು ಕಣವ್ವ. ಬೀಳಾಕೆ ಮುಂಚೆ, ದಸರಾದಾಗೆ. ಅಕ್ಕಾ ಇದು ಈಚೆ ಬತ್ತೈತೆ, ನಂದೂ ಹಿಂಗೇ ಬತ್ತೈತೆ, ನಾನು ದಿನಾ ಒಳಕ್ಕೆ ತಳ್ಳಿ ತಳ್ಳಿ ಕುಂದ್ರತೀನಿ ಅಂದ್ಲು. ಹಂಗಾರೆ ನೀನೂ ಕಟ್ಕಳೇ ಅಂದೆ. ಅಯ್ಯೋ, ನಾನು ಕಟ್ಟಿದ್ರೆ ಅವ್ರು ನೋಡ್ಬುಡ್ತಾರೆ, ಅನ್ನ ಸೇರಾಕಿಲ್ಲ ಅವ್ರಿಗೆ ಅಂದ್ಲು."

ಅಮ್ಮನ ಗಂಟು ಬಿಚ್ಚಲು ಬರಲಿಲ್ಲ. ಕುಡುಗೋಲಿನಿಂದ ಕೊಯ್ದೆ. ಹಗ್ಗವನ್ನು ದೊಡ್ಡಮ್ಮನ ಒಲೆಗೆ ಹಾಕಿ ಬಂದಿದ್ದೇನೆ. ಅದು ಉಜ್ಜಿದ ಜಾಗದಲ್ಲಿ ಬಣ್ಣ ಹೋಗಿ ಕಾಲಿಗೊಂದು ಬಳೆಯ ಹಾಗೆ ಗುರುತು ಬಿದ್ದಿದೆ. ಹಿಂದೂಪುರದಲ್ಲಿ ಹಸಿರು ಬಣ್ಣ ಕೊಂಡು, ಬಳಿದು, ಒಣಗಿಸಿ, ಆಮೇಲೆಯೇ ಕಲ್ಯಾಣದುರ್ಗಕ್ಕೆ ಒಯ್ಯುತ್ತೇನೆ. ಬಸ್ಸು ಬಂತು. ಕಂಡಕ್ಟರು "ಏಮಮ್ಮಾ, ದೇವುಡಿ ಪೀಠಮಾ?" ಎಂದು ಕೇಳಿ ತಾನೇ ಎರಡು ಕೈಯಲ್ಲಿ ಎತ್ತಿ ಮೇಲಿಡುತ್ತಿದ್ದಾನೆ, ನಾನು ಹೌದೆಂದೆ. ಅಪ್ಪನಿಗೆ ಕಾಗದ ಬರೆಯುವಾಗ ಪಿನ್ನಿನ ವಿಷಯ ಬೇಕಾದರೆ ಬರೆ. ಹಗ್ಗದ್ದು ಮಾತ್ರ ಬೇಡ. ಇದನ್ನು ಓದಿ ಹರಿದುಬಿಡು.