ನನ್ನ ಮಣಿಕಟ್ಟಿನ ಹಸಿರು ಪಟ್ಟಿ

ಅರ್ಧ ಮ್ಯಾರಥಾನಿನ ಮಾನ್ಯ ಮುಖ್ಯ ನಿರ್ಣಾಯಕರೇ,

ಮೂರು ತಿಂಗಳ ಹಿಂದೆ, ನಮ್ಮ ನಗರದ ಓಟದ ದಿನ, ನೀವು ಒಬ್ಬ ಮೋಸಗಾರನ ಕೊರಳಿಗೆ ಪದಕ ಹಾಕಿದಿರಿ. ಅದಾದ ಐದೇ ನಿಮಿಷಕ್ಕೆ, ಇಪ್ಪತ್ತೊಂದು ಕಿಲೋಮೀಟರನ್ನೂ ಕಾಲಲ್ಲೇ ಮುಗಿಸಿದ ಒಬ್ಬ ಹೆಂಗಸನ್ನು ಮೋಸಗಾರ್ತಿಯೆಂದು ಮೈಕಿನಲ್ಲಿ ಸಾರಿ, ಎರಡು ವರ್ಷ ಓಡಬಾರದೆಂದು ನಿಷೇಧ ಹಾಕಿದಿರಿ. ಆ ಹೆಂಗಸು ನನ್ನ ಪಕ್ಕದ ಮನೆಯವಳು. ಮೋಸಗಾರ ನಾನು.

ಈ ವಿಷಯವಾಗಿ ನಾನು ಬರೆದ ಎರಡು ಪತ್ರಗಳಿಗೂ ತಮ್ಮ ಕಚೇರಿ ಉತ್ತರಿಸಿದೆ. ಮೊದಲನೆಯದರಲ್ಲಿ, ಸಹ ಓಟಗಾರ್ತಿಯ ಪರ ನಿಂತ ನನ್ನ ಕ್ರೀಡಾ ಮನೋಭಾವವನ್ನು ಶ್ಲಾಘಿಸಿದಿರಿ. ಎರಡನೆಯದರಲ್ಲಿ, ಫಲಿತಾಂಶ ಅಂತಿಮವೆಂದು ತಿಳಿಸಿ, ಮುಂದಿನ ವರ್ಷ ಹೊಸಬರಿಗೆ ಪ್ರಾಮಾಣಿಕ ಓಟದ ಬಗ್ಗೆ ನಾಲ್ಕು ಮಾತು ಹೇಳಲು ಬರಬೇಕೆಂದು ಆಹ್ವಾನಿಸಿದಿರಿ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೆ ತಪ್ಪು ಪೂರ್ತಿ ನಿಮ್ಮದಲ್ಲ. ಆಕೆ ಓಡಿದ್ದು ನಿಜ ಎಂದು ಬರೆದಿದ್ದೆನೇ ಹೊರತು, ನಾನು ಪೂರ್ತಿ ಓಡಲಿಲ್ಲ ಎಂದು ಎರಡರಲ್ಲೂ ಬರೆದಿರಲಿಲ್ಲ. ಅರ್ಧ ಸತ್ಯ ಹೇಳಿ ಪೂರ್ತಿ ನ್ಯಾಯ ಕೇಳಿದ್ದೆ. ಈಗ ಉಳಿದರ್ಧವನ್ನು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತೇನೆ.

ನಾನು ಅಳತೆ ಮತ್ತು ತೂಕದ ಇಲಾಖೆಯಲ್ಲಿ ನಿರೀಕ್ಷಕ. ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಒತ್ತುವುದು ನನ್ನ ಇಪ್ಪತ್ತಾರು ವರ್ಷದ ಕೆಲಸ. ಐವತ್ತು ದಾಟಿದ ಮೇಲೆ ಡಾಕ್ಟರು ಹೆದರಿಸಿದರೆಂದು ಓಡಲು ಹೊರಟೆ. ಕಲಿಸಿದವಳು ಪಕ್ಕದ ಮನೆಯಾಕೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುತ್ತಾಳೆ. ಬಸ್ಸು ತಪ್ಪಿದಾಗಲೆಲ್ಲ ಕೆಲಸಕ್ಕೆ ಓಡಿ ಓಡಿಯೇ ಓಟ ಕಲಿತವಳು. ಎಂಟು ತಿಂಗಳು, ಬೆಳಿಗ್ಗೆ ಐದೂಕಾಲಿಗೆ ಸರಿಯಾಗಿ ನಮ್ಮ ಗೇಟಿನ ಚಿಲಕ ಅಲ್ಲಾಡಿಸುತ್ತಿದ್ದಳು. "ಅಣ್ಣಾ, ಎದ್ರಾ? ಇಲ್ಲಾ ಅತ್ತಿಗೇನೇ ಕರ್ಕೊಂಡು ಹೋಗ್ಲಾ?" ಆ ಕೂಗಿಗೆ ನಾನಿರಲಿ, ಇಡೀ ಬೀದಿ ಎದ್ದು ಕೂರುತ್ತಿತ್ತು.

ಓಟದ ದಿನ ಹನ್ನೊಂದನೇ ಕಿಲೋಮೀಟರಿನ ಹತ್ತಿರ ನನ್ನ ಮೀನಖಂಡ ಹಿಡಿದುಕೊಂಡಿತು. ಆಕೆ ಮುಂದೆ ಹೋಗಿಯಾಗಿತ್ತು. ನಾನು ರಸ್ತೆ ವಿಭಜಕದ ಮೇಲೆ ಕೂತೆ. ಇನ್ನು ಒಂದೂವರೆ ಕಿಲೋಮೀಟರ್ ಹೋದರೆ ನೀರಿನ ಟ್ಯಾಂಕಿನ ತಿರುವು. ಅದನ್ನು ಮುಟ್ಟಿದವರ ಮಣಿಕಟ್ಟಿಗೆ ನಿಮ್ಮವರು ಹಸಿರು ಬಟ್ಟೆಯ ಪಟ್ಟಿ ಕಟ್ಟುತ್ತಾರೆ. ಕಾಲಿಗೆ ಕಟ್ಟುವ ಎಲೆಕ್ಟ್ರಾನಿಕ್ ಚಿಪ್ಪು ಗಿಪ್ಪು ನಮ್ಮ ಓಟಕ್ಕೆ ಇನ್ನೂ ಬಂದಿಲ್ಲ, ಪಟ್ಟಿಯೇ ಸಾಕ್ಷಿ. ನಾನು ಎಷ್ಟು ಹೊತ್ತು ಕೂತಿದ್ದೆನೋ ಕಾಣೆ, ಆಕೆ ತಿರುವು ಮುಟ್ಟಿ ವಾಪಸ್ ಬಂದಳು.

"ಅಯ್ಯೋ, ನನಗಿಂತ ಮುಂದೆ ಬಂದ್ಬಿಟ್ಟಿದೀರಲ್ಲ ಅಣ್ಣಾ! ಏಳಿ ಏಳಿ, ಇನ್ನು ಏಳೇ ಕಿಲೋಮೀಟರು."

ಇಲ್ಲಮ್ಮ, ನಾನಿನ್ನೂ ತಿರುವಿಗೇ ಹೋಗಿಲ್ಲ. ಇಷ್ಟು ಹೇಳಲು ಎಷ್ಟು ಉಸಿರು ಬೇಕು? ನಾನು ಹೇಳಲಿಲ್ಲ. ಆಫೀಸಿನಲ್ಲಿ ಜವಾನನಿಂದ ಹಿಡಿದು ಮೇಲಧಿಕಾರಿಯವರೆಗೆ ಕೊಚ್ಚಿಕೊಂಡಿದ್ದೆ, ಪ್ರಮಾಣಪತ್ರ ನೇತುಹಾಕಲು ಗೋಡೆಗೆ ಮೊಳೆ ಕೂಡ ಹೊಡೆಸಿದ್ದೆ. ಎದ್ದು ಆಕೆಯ ಜೊತೆ ಓಡಿದೆ. ಮುಕ್ತಾಯದ ಗೆರೆ ಕಾಣುವಾಗ ನಿಮ್ಮವರು ಪಟ್ಟಿ ನೋಡಿ ಒಳಗೆ ಬಿಡುತ್ತಿದ್ದುದು ಕಂಡಿತು. "ನನ್ನ ಪಟ್ಟಿ ಎಲ್ಲೋ ಬಿದ್ದುಹೋಗಿದೆ" ಎಂದೆ.

ಆಕೆ ಓಡುತ್ತಲೇ ತನ್ನದನ್ನು ಹಲ್ಲಿನಿಂದ ಬಿಚ್ಚಿ ನನ್ನ ಕೈಗೆ ಕಟ್ಟಿದಳು. "ನೀವು ಹಾಕ್ಕೊಳ್ಳಿ. ತಿರುವಿನಲ್ಲಿ ನೀರು ಕೊಟ್ಟ ಅಮ್ಮ ನನ್ನ ನೋಡಿದಾರೆ, ಕೇಳಿದ್ರೆ ಹೇಳ್ತಾರೆ."

ಮಾನ್ಯರೇ, ಪಟ್ಟಿಯಿಲ್ಲವೆಂದು ಆಕೆಯನ್ನು ತಡೆದಾಗ, ಆ ನೀರು ಕೊಟ್ಟ ಅಮ್ಮನನ್ನು ನೀವು ಕೇಳಿದಿರಾ? ಕೇಳಲಿಲ್ಲ. ಒಂದು ಮೊಳ ಬಟ್ಟೆಗೆ ಇರುವ ಬೆಲೆ ಒಬ್ಬ ಹೆಂಗಸಿನ ಮಾತಿಗೆ ಇಲ್ಲವೆಂದು ನಿಮ್ಮ ಯಾವ ನಿಯಮದಲ್ಲಿ ಬರೆದಿದೆ? ಆಕೆ ಮೈಯೆಲ್ಲ ಬೆವರಾಗಿ ನಿಂತು ನನ್ನತ್ತ ಕೈ ತೋರಿಸಿ, "ನಮ್ಮ ಅಣ್ಣನ್ನ ಕೇಳಿ, ಅವರು ಸರ್ಕಾರಿ ಆಫೀಸರು, ಸುಳ್ಳು ಹೇಳಲ್ಲ" ಎಂದಳು. ನೀವು ನನ್ನತ್ತ ತಿರುಗಿ ನೋಡಿದಿರಿ, ನೆನಪಿದೆಯೇ? ಆಗ ನಾನು ಬಗ್ಗಿ ಶೂ ಲೇಸು ಕಟ್ಟತೊಡಗಿದೆ. ನಿಮ್ಮ ಮೈಕು ಆಕೆಯ ಹೆಸರು ಹೇಳಿ, "ಅಡ್ಡದಾರಿ ಹಿಡಿದವರಿಗೆ ಇಲ್ಲಿ ಜಾಗವಿಲ್ಲ" ಎಂದು ಮುಗಿಸುವವರೆಗೂ ಕಟ್ಟುತ್ತಲೇ ಇದ್ದೆ.

ಲಾಂಡ್ರಿಯಲ್ಲಿ ಆಕೆಗೆ ಈಗ 'ಅಡ್ಡದಾರಿ' ಎಂದೇ ಹೆಸರು. ನನಗೆ ಆಫೀಸಿನಲ್ಲಿ ಹಾರ ಹಾಕಿದರು. ಇಪ್ಪತ್ತು ಗ್ರಾಂ ಕಡಿಮೆ ತೂಗಿದ ಅಂಗಡಿಯವನನ್ನು ಬೀದಿಯಲ್ಲಿ ನಿಲ್ಲಿಸಿ ಬೈದವನು ನಾನು. ಮೊನ್ನೆ ಅದೇ ಅಂಗಡಿಯವನು ನಗುತ್ತಾ, "ಇಪ್ಪತ್ತೊಂದು ಕಿಲೋಮೀಟರಾ ಸಾರ್? ಅಳತೆ ಸರಿಯಾಗಿತ್ತಾ?" ಎಂದ. ತಮಾಷೆಗೆ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, ನಾನು ಅವನ ತಕ್ಕಡಿ ಮುಟ್ಟದೆ ಮುದ್ರೆ ಒತ್ತಿ ಬಂದೆ. ಅದೂ ಇನ್ನೊಂದು ತಪ್ಪು, ಅದಕ್ಕೆ ನನ್ನ ಇಲಾಖೆಗೆ ಬೇರೆ ಪತ್ರ ಬರೆದಿದ್ದೇನೆ.

ಪತ್ರವನ್ನು ಇಲ್ಲಿಯವರೆಗೆ ಬರೆದು ಹೆಂಡತಿಗೆ ತೋರಿಸಿದೆ. ಓದಿ ಮಡಚಿ ಕೊಟ್ಟಳು. "ಊರಿಗೆಲ್ಲ ಬರೆಯೋಕೆ ಧೈರ್ಯ ಬಂತು. ಪಕ್ಕದ ಮನೆ ಬಾಗಿಲು ತಟ್ಟೋಕೆ ಬರ್ಲಿಲ್ವಾ?" ಇಷ್ಟೆಲ್ಲ ಆದ ಮೇಲೂ ಪಕ್ಕದ ಮನೆಯಾಕೆ ದಿನಾ ಐದೂಕಾಲಿಗೆ ಚಿಲಕ ಅಲ್ಲಾಡಿಸುತ್ತಿದ್ದಳು, ನಾನು ಏನೂ ಆಗದವನ ಹಾಗೆ ಜೊತೆಗೆ ಓಡುತ್ತಿದ್ದೆ.

ನಿನ್ನೆ ಸಂಜೆ ಹೋಗಿ ಓದಿ ಹೇಳಿದೆ. ಆಕೆ ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಾ ಕೊನೆಯವರೆಗೂ ಕೇಳಿದಳು. ಒಂದು ಅಂಗಿಯನ್ನು ಎರಡು ಸಲ ಮಡಚಿದಳು.

"ಗೊತ್ತಿತ್ತು ಅಣ್ಣಾ," ಎಂದಳು. "ಅವತ್ತು ನಿಮ್ಮ ಲೇಸು ಬಿಚ್ಚಿರ್ಲಿಲ್ಲ. ನಾನು ನೋಡ್ತಾನೇ ಇದ್ದೆ. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ದಿನಾ ಬರ್ತಿದ್ದೆ."

ಆದ್ದರಿಂದ ನನ್ನ ಬೇಡಿಕೆ ಇದು. ಆಕೆಯ ಮೇಲಿನ ನಿಷೇಧವನ್ನು ತೆಗೆದು ನನ್ನ ಮೇಲೆ ಹಾಕಿ. ಪದಕವನ್ನೂ ಹಸಿರು ಪಟ್ಟಿಯನ್ನೂ ಈ ಪತ್ರದ ಜೊತೆ ಕಳುಹಿಸಿದ್ದೇನೆ, ಎರಡೂ ಆಕೆಯವು. ತಲುಪಿಸುವಾಗ ಅಂಚೆಗೆ ಹಾಕಬೇಡಿ, ಅದೇ ಮೈದಾನದಲ್ಲಿ, ಅದೇ ಮೈಕಿನಲ್ಲಿ ಆಕೆಯ ಹೆಸರು ಕೂಗಿ ಕೊಡಿ. ಆಮೇಲೆ ನನ್ನ ಹೆಸರನ್ನೂ ಕೂಗಿ, ನಾನು ಏನು ಮಾಡಿದೆನೆಂದು ಹೇಳಿ. ನಾನು ಎದುರಿಗೇ ನಿಂತಿರುತ್ತೇನೆ, ಬಗ್ಗುವುದಿಲ್ಲ.

ಇವತ್ತು ಬೆಳಿಗ್ಗೆ ಐದು ಗಂಟೆಗೇ ಶೂ ಹಾಕಿಕೊಂಡು ಕೂತಿದ್ದೆ. ಚಿಲಕದ ಸದ್ದಾಗಲಿಲ್ಲ.

ಇಂತಿ,
ಹದಿನೆಂಟು ಓಡಿ ಇಪ್ಪತ್ತೊಂದೆಂದು ಒಪ್ಪಿಸಿದ,
ಅಳತೆ ಮತ್ತು ತೂಕದ ನಿರೀಕ್ಷಕ