ಕುರ್ಚಿಯ ಮೇಲಿನ ಟವೆಲ್

ಎಲೈ ಹಾಲೇಶಾ, ಎಲ್ಲಿ ಅಡಗಿರುವೆಯೋ ಕುರುರಾಯಾ!

ನಿನ್ನ ವಿಳಾಸ ನನ್ನಲ್ಲಿಲ್ಲ, ಆದರೂ ಕೇಳು. ಇವತ್ತು ಬುಕ್ಕಾಂಬುಧಿಯ ಮಕ್ಕಳಿಗೆ ಬೀಜಗಣಿತ ಶುರು ಮಾಡಿದೆ. ತಾಲೀಮಿಗೆ ಬಾರದ ನಟನ ಕುರ್ಚಿಗೆ ಟವೆಲ್ ಹಾಕಿ ಅದರ ಜೊತೆಯೇ ಮಾತಾಡುತ್ತೇವಲ್ಲ, ಹಾಗೆಯೇ ಗೊತ್ತಿಲ್ಲದ ಸಂಖ್ಯೆಯ ಜಾಗದಲ್ಲಿ ‘ಕ’ ಇಡುತ್ತೇವೆ ಎಂದು ಗುಡುಗಿದೆ.

"ಕ ಕೂಡಿಸು ಮೂರು, ಸಮ ಎಂಟು! ಟವೆಲ್ ಜಾಗಕ್ಕೆ ಯಾರು ಬತ್ತಾರೆ?"

"ಐದು!" ಎಂದು ತರಗತಿಯೇ ಕೂಗಿತು.

ಗಾನವಿ ಎಂಬ ಹುಡುಗಿ ಮಾತ್ರ ಕೈಯೆತ್ತಿದಳು. "ಸಾರ್, ಆ ಎಂಟು ಕೊಡದೇ ಇದ್ರೆ?"

"ಆಗ ಕ ಎಷ್ಟು ಅಂತ ಗೊತ್ತಾಗಲ್ಲ ಕಣಮ್ಮಾ."

"ಹಂಗಾರೆ ಕ ಅಳಿಸ್ಬಿಡದಾ ಸಾರ್?"

"ಬ್ಯಾಡ, ಇರ್ಲಿ," ಎಂದೆ. ಗುಡುಗಿದ್ದ ದನಿ ಈಗ ಹಿಂದಿನ ಬೆಂಚನ್ನೂ ಮುಟ್ಟಲಿಲ್ಲ.

ಸಂಜೆ ನಾಟಕದ ತಾಲೀಮಿನಲ್ಲಿ ನಮ್ಮ ತಂಡದ ಬಸವೇಶ ನಿನ್ನ ದುರ್ಯೋಧನನ ಪಾತ್ರವನ್ನು ತನಗೆ ಕೊಡಿ ಎಂದು ಕೇಳಿದ. "ನಿಮ್ ಮ್ಯಾಲೆ ಮುನಿಸ್ಕಂಡು ಹೋದೋನು ಇನ್ನೆಲ್ಲಿ ಬತ್ತಾನೆ, ಮೇಷ್ಟ್ರೇ?"

ನಾನು ನಿನ್ನ ಕುರ್ಚಿಯ ಟವೆಲನ್ನು ಎತ್ತಿ ಕೊಡವಿ, ಮತ್ತೆ ಅಲ್ಲೇ ಹಾಸಿದೆ.