ಒಂಬತ್ತನೆಯ ಗೆರೆ

ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ? ಅಮ್ಮನ ಮಂಡಿನೋವು ಹೇಗಿದೆ? ಹನ್ನೊಂದು ತಿಂಗಳಿಂದ ಒಂದು ಸಾಲೂ ಬರೆಯದ ಅಕ್ಕನನ್ನು ಬೈದುಕೊಂಡಿರುತ್ತೀಯ, ಬೈದುಕೋ. ನಾನು ಕಾಗದ ಹಿಡಿದು ಕೂತದ್ದನ್ನು ನೋಡಿ ನಿನ್ನ ಭಾವ, "ಎಲ್ಲಾನೂ ಬೇಗ ಬೇಗ ಮಾಡ್ಸೋದೇ ನಿನ್ನ ಕೆಲಸ ಅಂತೀಯ, ತಂಗಿಗೆ ಒಂದು ಕಾಗದ ಬರೆಯೋಕೆ ವರ್ಷ ಬೇಕಾಯ್ತಾ?" ಎಂದು ಕಿಚಾಯಿಸಿದರು.

ನಿನಗೆ ಗೊತ್ತಿರುವುದನ್ನೇ ಬಿಡಿಸಿ ಬರೆಯುತ್ತಿದ್ದೇನೆ, ಅಮ್ಮನಿಗೂ ಓದಿ ಹೇಳು. ಅಮ್ಮಾ, ನಮ್ಮ ಲ್ಯಾಬಿನಲ್ಲಿ ಔಷಧದ ಅಣು ಯಾವ ಭಂಗಿಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂದು ಲೆಕ್ಕ ಹಾಕುತ್ತೇವೆ. ಕಂಪ್ಯೂಟರಿನೊಳಗೆ ಗುಡ್ಡ, ಹಳ್ಳಗಳಿರುವ ಒಂದು ಜಾಗ ಮಾಡಿ, ಕಣ್ಣಿಗೆ ಬಟ್ಟೆ ಕಟ್ಟಿದ ಒಬ್ಬನನ್ನು ಬಿಡುತ್ತೇವೆ ಎಂದುಕೋ. ಅವನು ಇಳಿಜಾರಿಗೆ ಜಾರುತ್ತಾನೆ, ಆಗಾಗ ಗೊತ್ತುಗುರಿಯಿಲ್ಲದೆ ಎತ್ತಲೋ ಹೆಜ್ಜೆ ಹಾಕುತ್ತಾನೆ. ತುಂಬಾ ಅಲೆದ ಮೇಲೆ, ಯಾವ ಹಳ್ಳದಲ್ಲಿ ಎಷ್ಟು ಪಾಲು ಹೊತ್ತು ಕಳೆದ ಎಂಬ ಲೆಕ್ಕ ಬದಲಾಗದೆ ನಿಲ್ಲುತ್ತದೆ. ಅದೇ ಸಮಸ್ಥಿತಿ, ಅದೇ ನಮ್ಮ ಉತ್ತರ. ಅದಕ್ಕೆ ವಾರಗಟ್ಟಲೆ ಕಾಯಬೇಕು. ನಾನು ಅವನನ್ನು ಸುತ್ತಿಸುವ ಒಂದು ಬಲ ಸೇರಿಸಿದೆ. ಸಕ್ಕರೆ ತಾನಾಗಿ ಕರಗಲಿ ಎಂದು ಕೂರದೆ ಚಮಚ ಹಾಕಿ ಕಲಕಿದ ಹಾಗೆ: ಸಿಹಿ ಅಷ್ಟೇ, ಆದರೆ ಬೇಗ.

ಎರಡೇ ದಿನಕ್ಕೆ ಉತ್ತರ ಬಂತೆಂದು ಕುಣಿದಾಡಿದೆ. ಕಣ್ಣಿಗೆ ಬಟ್ಟೆ ಕಟ್ಟಿದ ಅಂಥ ಎಂಟು ಜನರನ್ನು ಬಿಟ್ಟಿದ್ದೆ, ಗ್ರಾಫಿನಲ್ಲಿ ಎಂಟೂ ಗೆರೆಗಳು ಒಂದೇ ಕಡೆ ಬಂದು ನಿಂತವು. ಆಗ ನನ್ನ ಜೊತೆ ಅದೇ ಲ್ಯಾಬಿನಲ್ಲಿದ್ದ ಗುಬ್ಬಿ ಮಾತ್ರ, "ಅಕ್ಕಾ, ಎಂಟನ್ನೂ ಒಂದೇ ಜಾಗದಿಂದ ಹೊರಡ್ಸಿದೀಯ. ನಾನು ದೂರದ ಮೂಲೆಯಿಂದ ಒಂಬತ್ತನೇದು ಬಿಟ್ಟೆ, ಅದು ಬೇರೆ ಹಳ್ಳದಲ್ಲೇ ಕೂತಿದೆ. ಇನ್ನೊಂದು ವಾರ ಕೊಡು" ಎಂದಳು. ನಾನು ಸಭೆಯಲ್ಲಿ ಎಲ್ಲರೆದುರು, "ನಿನ್ನ ಪ್ರೋಗ್ರಾಂ ತಪ್ಪು, ಸುಮ್ನಿರು" ಎಂದೆ. ನನ್ನ ಪ್ರಬಂಧ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲಸ ಬಾರದವಳೆಂಬ ಹಣೆಪಟ್ಟಿ ಹೊತ್ತು ಅವಳು ಲ್ಯಾಬು ಬಿಟ್ಟಳು. ಅಮ್ಮಾ, ನೀನೂ ನನ್ನ ಮಾತು ನಂಬಿ ಅವಳನ್ನೇ ಬೈದೆ.

ಗುಬ್ಬಿ, ಮುಂದಿನದು ನಿನಗೆ. ಜನವರಿಯಲ್ಲಿ ಲ್ಯಾಬಿನ ಮುಖ್ಯಸ್ಥರು ಅದೇ ಲೆಕ್ಕವನ್ನು ಕಲಕದೆ, ಎಲ್ಲ ಮೂಲೆಗಳಿಂದಲೂ ಹೊರಡಿಸಿ ಮತ್ತೆ ಮಾಡಿಸಿದರು. ಐದು ವಾರ ಹಿಡಿಯಿತು. ಮೂರರಲ್ಲೊಂದು ಪಾಲು ಹೊತ್ತು ನೀನು ಹೇಳಿದ ಹಳ್ಳದಲ್ಲೇ! ನನ್ನ ಎಂಟು ಜನ ಒಂದೇ ಹಳ್ಳದೊಳಗೆ ಗಿರಗಿರ ಸುತ್ತಿದ್ದರು, ಅಷ್ಟೇ. ಮುಖ್ಯಸ್ಥರು ಕನ್ನಡಕ ತೆಗೆದಿಟ್ಟು, "ಮೊದ್ಲು ನಿಮ್ಮ ತಂಗಿಗೆ ಬರೀರಿ, ಆಮೇಲೆ ಪತ್ರಿಕೆಯವರಿಗೆ. ಬರ್ತಾರಾದ್ರೆ ಅವರ ಕುರ್ಚಿ ಖಾಲಿ ಇದೆ" ಎಂದರು. ಕಣ್ತಪ್ಪಿನಿಂದ ಹೀಗಾಯಿತು, ಮೊದಲು ಕಂಡುಹಿಡಿದವಳು ನೀನು ಎಂದು ಪತ್ರಿಕೆಗೆ ಬರೆದಿಟ್ಟಿದ್ದೇನೆ. ಬರುತ್ತೀಯಾ? ಈಗ ಹೇಳಿಕೊಡುತ್ತಿರುವ ಶಾಲೆಯ ಪಾಠವೇ ಹಿಡಿಸಿದ್ದರೆ ಬಲವಂತವಿಲ್ಲ.

ಎಲ್ಲಿದ್ದರೂ ಚೆನ್ನಾಗಿರು, ಹಿಡಿದ ಕೆಲಸ ಕೈಗೂಡಲಿ. ಅಮ್ಮನಿಗೆ ನಮಸ್ಕಾರ.

ನಿನ್ನ
ಅಕ್ಕ

ಮರೆತ ಮಾತಲ್ಲ, ಬಚ್ಚಿಟ್ಟ ಮಾತು: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಕಣ್ತಪ್ಪು ಎಂಬುದು ಸುಳ್ಳು ಕಣೇ. ಆ ಸಭೆಯ ಹಿಂದಿನ ದಿನ ನಿನ್ನ ಪ್ರೋಗ್ರಾಂ ತೆರೆದು ಸಾಲುಸಾಲಾಗಿ ನೋಡಿದ್ದೆ. ಎಲ್ಲೂ ತಪ್ಪಿರಲಿಲ್ಲ. ಆದರೂ ಒಂಬತ್ತನೆಯ ಗೆರೆಯನ್ನು ಗ್ರಾಫಿನಿಂದ ನಾನೇ ಅಳಿಸಿದೆ. ಪತ್ರಿಕೆಯ ಕಾಗದದಲ್ಲೂ ಈಗ ಹಾಗೆಂದೇ ತಿದ್ದಿ ಬರೆದಿದ್ದೇನೆ, ನನ್ನ ಕೆಲಸ ಉಳಿದರೆ ಉಳಿಯಲಿ. ಅವತ್ತು ನೀನು ಕಣ್ಣೊರೆಸಿಕೊಂಡು ಎದ್ದು ಹೋದೆಯಲ್ಲ, ಆ ಕೋಣೆಯಲ್ಲಿ ನಿನ್ನದೇ ಸರಿ ಎಂದು ಗೊತ್ತಿದ್ದವಳು ನಾನೊಬ್ಬಳೇ.